ಪ್ರಾಧ್ಯಾಪಕ ತೊಮಾಸ್ ರಿವೆರಾ ಮತ್ತು ಅಧಿಕಾರದ ಪೀಠ

ಅಧ್ಯಾಪಕನ ಏಳಿಗೆಯನ್ನು ಅವನೇರಿದ ಪೀಠದ ಎತ್ತರದಿಂದ ಅಳೆಯುವುದು ವಿದ್ಯಾಸಂಸ್ಥೆಗಳಲ್ಲಿ ಬೇರೂರಿದ ವಾಡಿಕೆ. ಪಾಠದಲ್ಲಿ ನಿಪುಣನಾದವನನ್ನು ಪಾಠದಿಂದಲೇ ಬಿಡಿಸಿ ಆಡಳಿತದ ಕುರ್ಚಿಯಲ್ಲಿ ಕೂರಿಸುವುದನ್ನು ಸನ್ಮಾನವೆಂದು ಎಣಿಸಲಾಗುತ್ತದೆ. ಈ ಎಣಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರ್ಯಾಲೋಚಿಸಲು ಅಮೆರಿಕದ ಸ್ಪ್ಯಾನಿಷ್ ಸಾಹಿತ್ಯದ ಪ್ರಾಧ್ಯಾಪಕ ತೊಮಾಸ್ ರಿವೆರಾ ಅವರ ಜೀವಿತವು ತಕ್ಕ ನಿದರ್ಶನವಾಗಿದೆ.

ರಿವೆರಾ ಅವರು 1935ರಲ್ಲಿ ಟೆಕ್ಸಾಸ್ ರಾಜ್ಯದ ಕ್ರಿಸ್ಟಲ್ ಸಿಟಿಯಲ್ಲಿ, ಮೆಕ್ಸಿಕೋ ಮೂಲದ ಕೂಲಿಕಾರರ ಮನೆಯಲ್ಲಿ ಜನಿಸಿದರು. ಬೆಳೆ ಕೊಯ್ಲಿಗೆ ಬಂದ ಕಡೆಗೆಲ್ಲ ಗುಳೆ ಹೋಗುವ ಸಂಸಾರವದು. ಶಾಲೆ ಆರಂಭವಾದ ಮೇಲೆ ಬಂದು, ಮುಗಿಯುವ ಮುನ್ನವೇ ಹೊರಡಬೇಕಾದ ಆ ಬಾಲಕನಿಗೆ ಅಯೋವಾ ರಾಜ್ಯದ ಹ್ಯಾಂಪ್ಟನ್ ಊರಿನ ಗ್ರಂಥಪಾಲಕಿಯೊಬ್ಬರು ಪುಸ್ತಕಗಳನ್ನಿತ್ತು ಓದಿನ ರುಚಿ ಹತ್ತಿಸಿದರು. (ಗ್ರಂಥಾಲಯಗಳಿಗೆ ದಾನವೀಯುವ ಮಹನೀಯರು ಇದನ್ನು ಲಕ್ಷಿಸಬೇಕು.) ಅಂದಿನ ಟೆಕ್ಸಾಸಿನ ಅನೇಕ ಶಾಲೆಗಳಲ್ಲಿ ಸ್ಪ್ಯಾನಿಷ್ ನುಡಿದ ಮಕ್ಕಳಿಗೆ ದಂಡನೆಯಿತ್ತು. ವಿಶ್ವವಿದ್ಯಾಲಯದಲ್ಲಿಯಾದರೋ ಅದೇ ನುಡಿಯು ಸೆರ್ವಾಂಟಿಸನ ಭಾಷೆಯೆಂದು ಪೂಜ್ಯ! ಒಂದೇ ಭಾಷೆಗೆ ಹೊರಗೆ ಏಟು, ಒಳಗೆ ಆರತಿ.

ಪ್ರೌಢಶಾಲೆಗಳಲ್ಲಿ ಪಾಠ ಹೇಳಿ, ಓದು ಮುಂದುವರಿಸಿ, 1969ರಲ್ಲಿ ಅವರು ಒಕ್ಲಹೋಮ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಸ್ಪೇನಿನ ಕವಿ ಲಿಯೋನ್ ಫೆಲಿಪೆ ಅವರ ಕಾವ್ಯವೇ ಪ್ರಬಂಧದ ವಿಷಯ. ಇಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ಯೋಗ್ಯ ವ್ಯಾಖ್ಯಾನಕಾರರೆನಿಸುತ್ತಿದ್ದರು. ಆದರೆ 1971ರಲ್ಲಿ ಅವರ 'ಭೂಮಿ ಅವನನ್ನು ನುಂಗಲಿಲ್ಲ' ಎಂಬರ್ಥದ ಹೆಸರಿನ ಕಾದಂಬರಿ ಪ್ರಕಟವಾಯಿತು. ತಂದೆಯೂ ತಮ್ಮನೂ ಹೊಲದ ಬಿಸಿಲಿಗೆ ಕುಸಿದುದನ್ನು ಕಂಡ ಹುಡುಗನು ದೇವರನ್ನೇ ಶಪಿಸುತ್ತಾನೆ, ಭೂಮಿ ಬಾಯಿ ಬಿಡುವುದೆಂದು ನಡುಗುತ್ತಾನೆ, ಬಿಡುವುದಿಲ್ಲ. ಆಸ್ತಿಕರಿಗೆ ಈ ಪ್ರಸಂಗವು ಅಪ್ರಿಯವೆನಿಸಬಹುದು. ಆದರೆ ಅದು ನಾಸ್ತಿಕವಾದದ ಪ್ರತಿಪಾದನೆಯಲ್ಲ, ದುಡಿದು ಬೆಂದ ಜೀವದ ಮೊರೆ. ಅದನ್ನು ಅವರು ಶಾಲೆಯಲ್ಲಿ ಏಟು ತಿಂದ ಆ ಹೊಲದ ನುಡಿಯಲ್ಲಿಯೇ ಬರೆದರೆಂಬುದು ಪಾಂಡಿತ್ಯಕ್ಕಿಂತ ಮಿಗಿಲಾದ ಸಾಧನೆ.

ಅನಂತರ ಪದವಿಗಳು ಒಂದರ ಹಿಂದೊಂದು ಬಂದವು. ಸ್ಯಾನ್ ಆಂಟೋನಿಯೋದಲ್ಲಿ ಪ್ರಾಧ್ಯಾಪಕತ್ವ, ಅಲ್ಲಿಯೇ ಆಡಳಿತದ ಹೊಣೆ, ಎಲ್ ಪಾಸೋದಲ್ಲಿ ಇನ್ನೂ ಹಿರಿಯ ಹುದ್ದೆ. 1979ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಮುಖ್ಯಾಧಿಕಾರಿಯಾದ ಚಾನ್ಸಲರ್ ಸ್ಥಾನ. ಆ ವಿಶ್ವವಿದ್ಯಾಲಯದಲ್ಲಿ ಅಂತಹ ಸ್ಥಾನವೇರಿದ ಮೊದಲ ಮೆಕ್ಸಿಕನ್ ಅಮೆರಿಕನ್ನರು ಅವರು. 1984ರಲ್ಲಿ, 48ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡಾಗ ಎರಡನೆಯ ಕಾದಂಬರಿಯು ಅಪೂರ್ಣವಾಗಿಯೇ ಉಳಿದಿತ್ತು.

ಕೂಲಿಯ ಮಗನು ಆ ಪೀಠದಲ್ಲಿ ಕುಳಿತುದನ್ನು ಕಂಡು ಎಷ್ಟು ಮಕ್ಕಳು ಧೈರ್ಯ ತಾಳಿದರೋ ಲೆಕ್ಕವಿಡುವುದು ಅಸಾಧ್ಯ. ಆದುದರಿಂದ ಅಧಿಕಾರವು ವ್ಯರ್ಥವಾಯಿತೆನ್ನುವುದು ಅನ್ಯಾಯ. ಆದರೆ ಕಡತಗಳಿಗೆ ಸಹಿ ಹಾಕುವವರು ಬೇರೆ ಸಿಕ್ಕಾರು, ಆ ಕಾದಂಬರಿಯನ್ನು ಪೂರೈಸುವವರು ಬೇರೊಬ್ಬರಿರಲಿಲ್ಲ. ವಿದ್ವಾಂಸನನ್ನು ಮುಖ್ಯಸ್ಥನನ್ನಾಗಿ ಮಾಡುವ ಆಡಳಿತ ಮಂಡಳಿಗಳು ವಾರಕ್ಕೆ ನಾಲ್ಕಾರು ಪಾಠದ ಅವಧಿಗಳನ್ನೂ ಬರವಣಿಗೆಗೆ ಒಂದು ದಿನವನ್ನೂ ನೇಮಕದ ಆಜ್ಞೆಯಲ್ಲಿಯೇ ಅವನಿಗೆ ಕಾಯ್ದಿರಿಸಬೇಕು.