ಏಳು ಎಣಿಸುವುದು ಸುಲಭ, ನಾಲ್ಕು ನಡೆಸುವುದು ಕಷ್ಟ

ಕಾಲೇಜು ಉತ್ಸವಗಳ ಬ್ಯಾಂಡ್ ಸ್ಪರ್ಧೆಯಲ್ಲಿ ಡ್ರಮ್ಮರ್‌ಗೆ ಚಪ್ಪಾಳೆ ಬೀಳುವುದು ಯಾವಾಗ? ಏಳರ ಲೆಕ್ಕದಲ್ಲೋ ಐದರ ಲೆಕ್ಕದಲ್ಲೋ ಟಾಮ್‌ಗಳ ಮೇಲೆಲ್ಲ ಕೈ ಉರುಳಿಸಿ, ಸಿಂಬಲ್ ಅದುರಿಸಿ, ಸರಿಯಾಗಿ ಸಮಕ್ಕೆ ಬಂದು ಇಳಿದಾಗ. ಅದಕ್ಕೆ ಮೊದಲು ಪೂರ್ತಿ ಹಾಡನ್ನು ಅದೇ ಕೈಕಾಲು ಹೊತ್ತು ನಡೆಸಿದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಕಲಿಯುವವರೂ ಇದನ್ನು ನೋಡಿಯೇ ಕಲಿಯುತ್ತಾರೆ. ನಾಲ್ಕರ ಎಣಿಕೆ ಹೊಸಬರ ಪಾಠ, ಅದನ್ನು ಬೇಗ ಮುಗಿಸಿ ಐದು, ಏಳು, ಒಂಬತ್ತಕ್ಕೆ ಹತ್ತಿದರೆ ವಿದ್ಯೆ ಬಂದಂತೆ ಎಂಬ ಅಂದಾಜು ಗಟ್ಟಿಯಾಗಿದೆ. ತಾಳದ ಲೆಕ್ಕಾಚಾರಕ್ಕೆ ಹೆಸರಾದ ನಾಡಿನಲ್ಲಿ ಇದು ಸಹಜವೂ ಹೌದು. ಆದರೆ ಡ್ರಮ್ ಕಿಟ್‌ನ ಮಟ್ಟಿಗೆ ಈ ಮೆಟ್ಟಿಲು ತಲೆಕೆಳಗಾಗಿದೆ ಎಂಬುದು ನನ್ನ ವಾದ. ಎಣಿಕೆಯ ಸಂಖ್ಯೆ ಬದಲಿಸುವುದು ಕೆಲವು ವಾರಗಳ ಅಭ್ಯಾಸದ ಮಾತು. ಅದೇ ಸಂಖ್ಯೆಯೊಳಗೆ ನಡೆ ಬದಲಿಸುವುದು, ಬದಲಿಸಿದ ನಡೆಯನ್ನು ಕದಲದಂತೆ ಹಿಡಿಯುವುದು ವರ್ಷಗಳ ಕೆಲಸ.

ನಾಲ್ಕನ್ನೇ ತೆಗೆದುಕೊಳ್ಳೋಣ. ರಾಕ್ ಸಂಗೀತದಲ್ಲಿ ಒಂದು ಮತ್ತು ಮೂರಕ್ಕೆ ಕಾಲಿನ ಕಿಕ್, ಎರಡು ಮತ್ತು ನಾಲ್ಕಕ್ಕೆ ಸ್ನೇರ್ ಏಟು. ಬ್ಯಾಕ್‌ಬೀಟ್ ಎನ್ನುವ ಈ ಎರಡು-ನಾಲ್ಕರ ಏಟನ್ನು 1949ರ ಡಿಸೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಫ್ಯಾಟ್ಸ್ ಡಾಮಿನೊ ಅವರ 'ದ ಫ್ಯಾಟ್ ಮ್ಯಾನ್' ಧ್ವನಿಮುದ್ರಣದಲ್ಲಿ ಅರ್ಲ್ ಪಾಮರ್ ಹಾಡಿನುದ್ದಕ್ಕೂ ಬಿಡದೆ ಬಾರಿಸಿದರು. ಮುಂದಿನ ಎಪ್ಪತ್ತು ವರ್ಷಗಳ ಜನಪ್ರಿಯ ಸಂಗೀತದ ಬೆನ್ನೆಲುಬು ಅದೇ ಆಯಿತು. ಜಮೈಕಾದ ರೆಗೆಗೆ ಹೋದರೆ ಅದೇ ನಾಲ್ಕು ಬೇರೆಯೇ ಆಗಿ ನಡೆಯುತ್ತದೆ. ಬಾಬ್ ಮಾರ್ಲೆಯ ವೇಲರ್ಸ್ ತಂಡದ ಕಾರ್ಲ್‌ಟನ್ ಬ್ಯಾರೆಟ್ ಹೆಸರುವಾಸಿ ಮಾಡಿದ 'ಒನ್ ಡ್ರಾಪ್' ನಡೆಯಲ್ಲಿ ಒಂದನೇ ಎಣಿಕೆಗೆ ಡ್ರಮ್ಮೇ ಇಲ್ಲ. ಕಿಕ್ ಮತ್ತು ಸ್ನೇರ್ ಅಂಚಿನ ಏಟು ಎರಡೂ ಒಟ್ಟಿಗೆ ಮೂರರ ಮೇಲೆ ಬೀಳುತ್ತವೆ. ಸಮದಲ್ಲಿ ಸುಮ್ಮನಿರುವುದು ನಮ್ಮ ಕೈಗೆ ಎಷ್ಟು ಕಷ್ಟ ಎಂಬುದು ಕೂತು ಬಾರಿಸಿ ನೋಡಿದರೇ ತಿಳಿಯುತ್ತದೆ. ಜಾಝ್‌ನ ಸ್ವಿಂಗ್‌ನಲ್ಲಿ ಪ್ರತಿ ಎಣಿಕೆಯನ್ನೂ ಮೂರಾಗಿ ಒಡೆದು ನಡುವಿನ ಭಾಗವನ್ನು ಖಾಲಿ ಬಿಡುತ್ತಾರೆ. ನಡೆಯ ಭಾರವೆಲ್ಲ ರೈಡ್ ಸಿಂಬಲ್ ಮೇಲೆ, ಎಡಗಾಲು ಎರಡು-ನಾಲ್ಕಕ್ಕೆ ಹೈ-ಹ್ಯಾಟ್ ಮುಚ್ಚುತ್ತದೆ. 1982ರಲ್ಲಿ ಟೋಟೊ ತಂಡದ 'ರೊಸಾನಾ' ಹಾಡಿಗೆ ಜೆಫ್ ಪೊರ್ಕಾರೊ ಇದೇ ಮೂರರ ಒಡಕನ್ನು ಇಟ್ಟುಕೊಂಡರು. ಖಾಲಿ ಇದ್ದ ನಡುವಿನ ಭಾಗಕ್ಕೆ ಸ್ನೇರ್ ಮೇಲೆ ಕೇಳಿಯೂ ಕೇಳದಷ್ಟು ಮೆಲುವಾದ ಏಟು ತುಂಬಿದರು, ದೊಡ್ಡ ಏಟನ್ನು ಮೂರನೇ ಎಣಿಕೆಗೆ ಸರಿಸಿದರು. ವೇಗ ಅಷ್ಟೇ ಇದ್ದರೂ ಹಾಡು ಅರ್ಧ ವೇಗದಲ್ಲಿ ತೂಗಿಕೊಂಡು ನಡೆದಂತೆ ಕೇಳುತ್ತದೆ. ನಾಲ್ಕು ಶೈಲಿ, ನಾಲ್ಕು ಊರಿನ ನಡಿಗೆ, ಎಣಿಕೆ ಮಾತ್ರ ಒಂದೇ.

ಮೆಲುವಾದ ಏಟಿನ ಮಾತು ಬಂದಾಗ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಅವರು ಡ್ರಮ್ ಬಾರಿಸಿದ, ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್' 1969ರಲ್ಲಿ ಧ್ವನಿಮುದ್ರಣಗೊಂಡು ಮರುವರ್ಷ ಹೊರಬಂತು. ಅದರಲ್ಲಿ ಬ್ಯಾಂಡ್ ಸುಮ್ಮನಾಗಿ ಡ್ರಮ್ ಒಂದೇ ಉಳಿಯುವ ಕೆಲವು ಸೆಕೆಂಡುಗಳಿವೆ. ಅಲ್ಲಿ ಒಂದು ರೋಲ್ ಇಲ್ಲ, ಟಾಮ್ ಇಲ್ಲ, ಎಣಿಕೆಯ ಜಾಣ್ಮೆಯೂ ಇಲ್ಲ. ಬಲಗೈ ಹೈ-ಹ್ಯಾಟ್ ಮೇಲೆ ಹದಿನಾರರ ಓಟ ಹಿಡಿದಿದೆ, ಎಡಗೈ ದೊಡ್ಡ ಏಟುಗಳ ನಡುವೆ ಸ್ನೇರ್ ಮೇಲೆ ಪಿಸುಗುಡುತ್ತಿದೆ, ಅಷ್ಟೆ. ಮುಂದೆ ಹಿಪ್‌ಹಾಪ್‌ನವರು ಅತಿ ಹೆಚ್ಚು ಬಾರಿ ಕತ್ತರಿಸಿ ಬಳಸಿಕೊಂಡ ತುಣುಕುಗಳಲ್ಲಿ ಇದೂ ಒಂದಾಯಿತು. ಹಾಡು ಬರೆದವರ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಆ ಮರುಬಳಕೆಯ ಹಣ ಬಾರಿಸಿದವರಿಗೆ ದಕ್ಕಲೇ ಇಲ್ಲ ಎನ್ನಬಹುದು. ಮಟ್ಟು ಮತ್ತು ಸಾಹಿತ್ಯ ಮಾತ್ರ ಸೃಷ್ಟಿ, ನಡೆ ಬರೀ ಕೂಲಿ ಎಂಬ ಹಳೆಯ ತಾರತಮ್ಯ ಕಾಗದಪತ್ರದಲ್ಲೂ ಹೀಗೆ ಉಳಿದುಕೊಂಡಿದೆ.

ನಡೆಗೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ಉತ್ತರ ಕಿಟ್ ಹುಟ್ಟಿದ ಬಗೆಯಲ್ಲೇ ಇದೆ. ಮೆರವಣಿಗೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬರು, ಸ್ನೇರ್‌ಗೆ ಒಬ್ಬರು, ಸಿಂಬಲ್‌ಗೆ ಇನ್ನೊಬ್ಬರು ಇರುತ್ತಿದ್ದರು. 1909ರಲ್ಲಿ ಷಿಕಾಗೊದ ಲುಡ್ವಿಗ್ ಸಹೋದರರ ಕಾಲ್ಪೆಡಲ್ ಬಂತು, 1920ರ ದಶಕದಲ್ಲಿ ಹೈ-ಹ್ಯಾಟ್ ಬಂತು. ಮೂವರ ಕೆಲಸ ಒಬ್ಬರ ನಾಲ್ಕು ಕೈಕಾಲಿಗೆ ಹಂಚಿಹೋಯಿತು. ಹಾಗೆ ಒಬ್ಬರ ಪಾಲಿಗೆ ಬಂದದ್ದು ಮೂರು ವಾದ್ಯ ಮಾತ್ರವಲ್ಲ, ಇಡೀ ತಂಡಕ್ಕೆ ತಾಳ ಹಾಕುವ ಹೊಣೆಯೂ ಬಂತು. ನಮ್ಮ ಕಛೇರಿಯ ಏರ್ಪಾಡು ಹಾಗಿಲ್ಲ. ಹಾಡುವವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ, ಮುಂದಿನ ಸಾಲಿನ ರಸಿಕರೂ ಹಾಕುತ್ತಿರುತ್ತಾರೆ. ಹಾಗಾಗಿ ತನಿ ಆವರ್ತನದಲ್ಲಿ ಮೃದಂಗ ಎಷ್ಟು ದೂರ ಅಲೆದು ಬಂದರೂ ಮನೆ ಎಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತಿರುತ್ತದೆ. ಯಕ್ಷಗಾನದಲ್ಲಿ ಭಾಗವತರ ಕೈಯಲ್ಲಿ ತಾಳವೋ ಜಾಗಟೆಯೋ ಇರುವುದರಿಂದಲೇ ಚೆಂಡೆ ಅಷ್ಟು ಧೈರ್ಯವಾಗಿ ಗುಡುಗುತ್ತದೆ. ಹಿಂದೂಸ್ತಾನಿಯಲ್ಲಿ ತಬಲಾ ಸೋಲೊ ನಡೆಯುವಾಗ ಹಾರ್ಮೋನಿಯಂ ಒಂದೇ ಮಟ್ಟನ್ನು ಮತ್ತೆ ಮತ್ತೆ ನುಡಿಸುವ ಲೆಹರಾ ಹಿಡಿದು ಕೂರುತ್ತದೆ. ಬ್ಯಾಂಡಿನಲ್ಲಿ ಡ್ರಮ್ಮರ್ ಹೊರಟುಹೋದರೆ ಆ ಕೆಲಸಕ್ಕೆ ಕೂತವರು ಯಾರೂ ಇಲ್ಲ. ನಮ್ಮ ಮಕ್ಕಳು ಕಿಟ್ ಹಿಂದೆ ಕೂತು ಮೃದಂಗದ ಸ್ವಾತಂತ್ರ್ಯ ಬಯಸುತ್ತಾರೆ. ಅವರಿಗೆ ಸಿಕ್ಕಿರುವುದು ತಾಳದ ಮೂಲ ನಡೆಯನ್ನು ಹಿಡಿದಿಡುವ ಠೇಕಾದ ಕೆಲಸ.

ಹಾಗಾದರೆ ಐದು, ಏಳು ಬೇಡವೇ? ಖಂಡಿತ ಬೇಕು. ಆದರೆ ಅವು ಯಶಸ್ವಿಯಾದ ಕಡೆಯಲ್ಲೆಲ್ಲ ಏನಾಗಿದೆ ಎಂದು ಕಿವಿಗೊಟ್ಟು ಕೇಳಬೇಕು. 1959ರ 'ಟೈಮ್ ಔಟ್' ಆಲ್ಬಮ್ಮಿನ 'ಟೇಕ್ ಫೈವ್' ಐದರ ಎಣಿಕೆಯ ಅತ್ಯಂತ ಜನಪ್ರಿಯ ಜಾಝ್ ರಚನೆ. ಅದರಲ್ಲಿ ಜೋ ಮೊರೆಲ್ಲೊ ಡ್ರಮ್ ಸೋಲೊಗೆ ಹೊರಟಾಗ ಡೇವ್ ಬ್ರೂಬೆಕ್ ಪಿಯಾನೊದಲ್ಲಿ ಮೂರು-ಎರಡರ ಅದೇ ತುಣುಕನ್ನು ಬಿಡದೆ ನುಡಿಸುತ್ತ ಕೂರುತ್ತಾರೆ. ಲೆಹರಾ ಮಾಡುವ ಕೆಲಸವೂ ಅದೇ. ಪಿಂಕ್ ಫ್ಲಾಯ್ಡ್‌ನ 'ಮನಿ' (1973) ಏಳರಲ್ಲಿ ನಡೆಯುತ್ತದೆ, ಆದರೆ ಗಿಟಾರ್ ಸೋಲೊ ಬಂದ ಕೂಡಲೇ ತಂಡ ನಾಲ್ಕಕ್ಕೆ ಇಳಿಯುತ್ತದೆ. ಕೇಳುವವರ ಮೈ ಹಿಡಿದುಕೊಳ್ಳಲು ಒಂದು ಕದಲದ ಗೂಟ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಏಳು ತಾನಾಗಿ ಕಷ್ಟವೇನಲ್ಲ. ಬಲ್ಗೇರಿಯದ ಹಳ್ಳಿಯವರು ರಚೆನಿತ್ಸಾ ಕುಣಿತವನ್ನು ಎರಡು-ಎರಡು-ಮೂರರ ಏಳರಲ್ಲಿ ಕುಣಿಯುತ್ತಾರೆ. ಕರಾವಳಿಯಲ್ಲಿ ಬೆಳಗಿನವರೆಗೆ ಕೂತ ಯಕ್ಷಗಾನದ ಪ್ರೇಕ್ಷಕರು ತ್ರಿವುಡೆ ಬಂದಾಗ ಬೆರಳು ಮಡಿಸಿ ಲೆಕ್ಕ ಇಡುವುದಿಲ್ಲ. ಗಮನಿಸಬೇಕಾದದ್ದು ಇನ್ನೊಂದಿದೆ. ಆ ಬಲ್ಗೇರಿಯದ ಏಳರಲ್ಲಿ ಉದ್ದದ ಹೆಜ್ಜೆ ಕೊನೆಗೆ ಬರುತ್ತದೆ. ನಮ್ಮ ಮಿಶ್ರ ಚಾಪುವಿನಲ್ಲಿ ಮೂರರ ಭಾಗ ಮೊದಲು, ನಾಲ್ಕು ಆಮೇಲೆ. ಒಟ್ಟು ಸಂಖ್ಯೆ ಒಂದೇ ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕುಣಿಯುವವರು ಎಡವುತ್ತಾರೆ. ಏಳರಲ್ಲೂ ಕೊನೆಗೆ ಪ್ರಶ್ನೆ ನಡೆಯದ್ದೇ.

ಆದ್ದರಿಂದ ಏಳರ ಗ್ರೂವ್ ಕಟ್ಟುವಾಗ ಕೋಲು ಹಿಡಿಯುವ ಮೊದಲು ಬಾಯಲ್ಲಿ ತಕಿಟ ತಕದಿಮಿ ಹೇಳಿಕೊಳ್ಳಬೇಕು. ತಕಿಟದ ಮೊದಲ ಅಕ್ಷರಕ್ಕೆ ಕಿಕ್, ತಕದಿಮಿಯ ಮೊದಲ ಅಕ್ಷರಕ್ಕೆ ಸ್ನೇರ್, ಏಳಕ್ಕೂ ಹೈ-ಹ್ಯಾಟ್. ಇಷ್ಟನ್ನೇ ಬಾಯಿ ನಿಲ್ಲಿಸಿದ ಮೇಲೂ ಮೈಯಲ್ಲಿ ಓಡುವವರೆಗೆ ಬಾರಿಸಬೇಕು. ಆಮೇಲೆ ಹೈ-ಹ್ಯಾಟನ್ನು ಒಂದು ಬಿಟ್ಟು ಒಂದರಂತೆ ಹೊಡೆದರೆ ಒಂದು ಚಮತ್ಕಾರ ನಡೆಯುತ್ತದೆ. ಮೊದಲ ಆವರ್ತದಲ್ಲಿ ಅದು ಒಂದು, ಮೂರು, ಐದು, ಏಳಕ್ಕೆ ಬೀಳುತ್ತದೆ, ಎರಡನೆಯದರಲ್ಲಿ ಎರಡು, ನಾಲ್ಕು, ಆರಕ್ಕೆ. ಹದಿನಾಲ್ಕು ಮುಗಿದಾಗ ಎಲ್ಲ ಮತ್ತೆ ಒಂದೆಡೆ ಕೂಡುತ್ತವೆ. ಕೇಳುವವರಿಗೆ ಬಲಗೈ ಸಲೀಸಾಗಿ ಸಮನಾಗಿ ನಡೆಯುತ್ತಿರುತ್ತದೆ, ಕಾಲಿಗೆ ಮಾತ್ರ ಏಳು ತಿಳಿದಿರುತ್ತದೆ. ಲೆಡ್ ಝೆಪೆಲಿನ್ ತಂಡದ 'ಕಶ್ಮೀರ್' (1975) ಹಾಡಿನಲ್ಲಿ ಗಿಟಾರ್ ಮೂರರ ಲೆಕ್ಕದಲ್ಲಿ ಸುತ್ತುತ್ತಿದ್ದರೆ ಜಾನ್ ಬಾನ್‌ಹ್ಯಾಮ್ ಅದರ ಹಿಂದೆ ಹೋಗದೆ ನಾಲ್ಕನ್ನು ಗಟ್ಟಿಯಾಗಿ ಬಾರಿಸುತ್ತಾರೆ. ಹನ್ನೆರಡಕ್ಕೊಮ್ಮೆ ಇಬ್ಬರೂ ಭೇಟಿಯಾಗುತ್ತಾರೆ. ಆ ಹಾಡಿನ ಗಾಂಭೀರ್ಯ ಡ್ರಮ್ಮರ್ ಕದಲದೆ ಇದ್ದುದರಿಂದ ಬಂದದ್ದು. ಇಬ್ಬರೂ ಮೂರಕ್ಕೆ ಹೋಗಿದ್ದರೆ ಅದು ಒಂದು ಜೋಕಾಲಿ ಪದವಾಗಿ ಉಳಿಯುತ್ತಿತ್ತು.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ನಮ್ಮ ಪರಂಪರೆಯ ಕಡೆಯಿಂದ. ಏಳು ತಾಳ, ಐದು ಜಾತಿ ಸೇರಿ ಮೂವತ್ತೈದು ತಾಳಗಳ ಲೆಕ್ಕ ಇಟ್ಟವರು ನಾವು. ಆ ಗಣಿತವನ್ನು ಬದಿಗಿಟ್ಟು ಎರಡು-ನಾಲ್ಕಕ್ಕೆ ಏಟು ಹೊಡೆಯುತ್ತ ಕೂರಬೇಕೆ ಎಂದು ಕೇಳಬಹುದು. ಗಣಿತವನ್ನು ಬದಿಗಿಡಿ ಎಂದು ಯಾರೂ ಹೇಳುತ್ತಿಲ್ಲ. ತಕಿಟ ತಕದಿಮಿಯಂಥ ನಮ್ಮ ಸೊಲ್ಲುಗಳನ್ನು ಹೊರಗಿನವರೇ ಬಂದು ಕಲಿತಿದ್ದಾರೆ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಆರ್.ಎ. ರಮಾಮಣಿ ಅವರ ಗಾಯನದೊಂದಿಗೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ಹೊರತಂದಿತು. ಜರ್ನಿ ತಂಡದಲ್ಲಿದ್ದ ಡ್ರಮ್ಮರ್ ಸ್ಟೀವ್ ಸ್ಮಿತ್ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲು ಕಲಿತು ವೇದಿಕೆಯಲ್ಲೇ ಹೇಳುತ್ತಾರೆ. ಹಾಗಿರುವಾಗ ನಮ್ಮ ಮಕ್ಕಳು ಕಿಟ್ ತರಗತಿಯಲ್ಲಿ ಇಂಗ್ಲಿಷ್ ಅಂಕಿಗಳಲ್ಲಿ ಮಾತ್ರ ಎಣಿಸುವುದು ವಿಚಿತ್ರವೇ ಸರಿ. ಆದರೆ ಪರಂಪರೆ ಎಂದರೆ ಮುಕ್ತಾಯಕ್ಕೆ ಕಟ್ಟುವ ಕೋರ್ವೆಯ ಲೆಕ್ಕ ಮಾತ್ರವಲ್ಲ. ಮೃದಂಗದ ಮೊದಲ ಪಾಠವೇ ತ ಧಿ ತೊಂ ನಂ, ನಾಲ್ಕೇ ಅಕ್ಷರ, ಅದನ್ನು ತಿಂಗಳುಗಟ್ಟಲೆ ಬಾರಿಸಲು ಹಚ್ಚುತ್ತಾರೆ. ಕೃತಿಗೆ ನುಡಿಸುವಾಗ ಸರಳವಾಗಿ ಹರಿಯುವ ಸರ್ವಲಘುವಿನಲ್ಲಿ ಹಾಡನ್ನು ತೇಲಿಸಿಕೊಂಡು ಹೋಗುವವರನ್ನೇ ಬಲ್ಲವರು ದೊಡ್ಡ ವಿದ್ವಾಂಸರೆಂದು ಒಪ್ಪುವುದು. ಚಪ್ಪಾಳೆಗಾಗಿ ನಾವು ಪರಂಪರೆಯ ಅರ್ಧವನ್ನು ಮಾತ್ರ ಕಿಟ್‌ಗೆ ತಂದಿದ್ದೇವೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಒಂದೇ ನಡೆಯನ್ನು ತಪ್ಪಿಲ್ಲದೆ ಪುನರಾವರ್ತಿಸುವುದೇ ದೊಡ್ಡದಾದರೆ ಆ ಕೆಲಸಕ್ಕೆ ಯಂತ್ರ ಸಾಕಲ್ಲ? ಇಂದು ಸಿನಿಮಾ ಹಾಡುಗಳಲ್ಲಿ ಬಹಳಷ್ಟು ತಾಳ ಕಂಪ್ಯೂಟರ್‌ನಿಂದಲೇ ಬರುತ್ತದೆ, ಊರಿನ ಆರ್ಕೆಸ್ಟ್ರಾದಲ್ಲೂ ರಿದಂ ಪ್ಯಾಡ್ ಇದೆ. ಯಂತ್ರದ ಇತಿಹಾಸವೇ ಇದಕ್ಕೆ ಉತ್ತರ ಕೊಡುತ್ತದೆ. ನಿಜವಾದ ಡ್ರಮ್ ನಾದವನ್ನು ಡಿಜಿಟಲ್ ಆಗಿ ಹಿಡಿದಿಟ್ಟ ಮೊದಲ ಡ್ರಮ್ ಯಂತ್ರವನ್ನು ರೋಜರ್ ಲಿನ್ 1980ರಲ್ಲಿ ತಂದರು. ಏಟುಗಳನ್ನು ಗೆರೆ ಎಳೆದಂತೆ ಕೂರಿಸುವುದರ ಜೊತೆಗೆ, ಆ ಗೆರೆಯಿಂದ ತುಸು ಹಿಂದೆ ಜಾರಿಸಿ ಸ್ವಿಂಗ್ ತರುವ ಸೌಲಭ್ಯವನ್ನೂ ಅವರು ಅದರಲ್ಲಿ ಇಡಬೇಕಾಯಿತು. ಮುಂದೆ ಜೆ ಡಿಲಾ ಎಂಬ ಸಂಗೀತ ನಿರ್ಮಾಪಕ ಏಟುಗಳನ್ನು ಯಂತ್ರದ ಗೆರೆಯಿಂದ ಬೇಕೆಂದೇ ಅತ್ತಿತ್ತ ಸರಿಸಿ, ಕುಡಿದವರಂತೆ ತೂರಾಡುವ ಆದರೆ ಬೀಳದ ಒಂದು ನಡೆ ಕಂಡುಕೊಂಡರು. ಕ್ವೆಸ್ಟ್‌ಲವ್‌ನಂಥ ಡ್ರಮ್ಮರ್‌ಗಳು ಅದನ್ನು ಕಲಿತು ಮತ್ತೆ ಕಿಟ್ ಮೇಲೆ ತಂದರು. ಯಂತ್ರ ಕೊಡುವುದು ಸಮತೆಯನ್ನು. ಹಾಡುವವರು ಉಸಿರು ತೆಗೆದುಕೊಂಡಾಗ ಹೈ-ಹ್ಯಾಟ್ ಅರೆಪಾಲು ತೆರೆಯುವುದು, ಚರಣಕ್ಕೆ ಸ್ನೇರ್ ತಗ್ಗಿಸಿ ಪಲ್ಲವಿಗೆ ಎತ್ತುವುದು ಕೇಳುತ್ತಾ ಬಾರಿಸುವ ಕೈಯ ಕೆಲಸ.

ರೆಗೆ, ಫಂಕ್ ಎಲ್ಲ ಯಾರದೋ ದೇಶದ್ದು, ದಾವಣಗೆರೆಯ ಹುಡುಗಿಗೆ ಏಕೆ ಎನ್ನುವವರೂ ಇದ್ದಾರೆ. ಅವರು ಗಣೇಶನ ಹಬ್ಬದ ಆರ್ಕೆಸ್ಟ್ರಾ ತಾಳವಾದ್ಯದವರನ್ನು ಒಂದು ರಾತ್ರಿ ಗಮನಿಸಲಿ. ಹಳೆಯ ಹಾಡಿಗೆ ಢೋಲಕ್ ಮಾದರಿಯ ಕಹರ್ವಾ, ನಡುವೆ ಆರರ ದಾದ್ರಾ, ಹಿಂದೆಯೇ ತಮಟೆಯ ಕುಣಿತ, ಅದಾದ ಮೇಲೆ ನೇರ ಡಿಸ್ಕೊ ಬೀಟ್. ಸಂಗೀತ ಶಾಲೆಯ ಮೆಟ್ಟಿಲು ಹತ್ತದೆಯೂ ಅವರು ಕಲಿತಿರುವುದು ಶೈಲಿಯನ್ನೇ, ಅವರಿಗೆ ಸಿಗುವ ಗೌರವ ಮಾತ್ರ ಅತ್ಯಲ್ಪ. ಶಿಡ್ಲಘಟ್ಟದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗಲಾದರೂ, ಎರಡು ಕೋಲಿನಲ್ಲಿ ಜನರ ಕಾಲೆತ್ತಿಸುವುದು ದೊಡ್ಡ ವಿದ್ಯೆ ಎಂದು ನಗರದ ಡ್ರಮ್ ತರಗತಿಗಳು ಯೋಚಿಸಬೇಕಿತ್ತು. ತಮಟೆಯ ನಡೆಯನ್ನು ಕಿಕ್, ಸ್ನೇರ್, ಹೈ-ಹ್ಯಾಟ್‌ಗೆ ಹಂಚಿ ಬರೆದ ಪಾಠ ಕಿಟ್ ಕಲಿಸುವ ಎಷ್ಟು ಕಡೆ ಇದೆ?

ಡ್ರಮ್ ಕಲಿಸುವವರಲ್ಲಿ ಕೇಳಿಕೊಳ್ಳುವುದಿಷ್ಟು. ಮೊದಲ ವರ್ಷ ನಾಲ್ಕನ್ನೇ ಐದಾರು ನಡೆಗಳಲ್ಲಿ ಕಲಿಸಿ, ಅದರಲ್ಲಿ ಒಂದು ತಮಟೆಯದಿರಲಿ. ಮೆಟ್ರೊನೋಮ್ ಪ್ರತಿ ಎಣಿಕೆಗೂ ಟಿಕ್ ಎನ್ನುವ ಬದಲು ಆವರ್ತಕ್ಕೊಮ್ಮೆ ಮಾತ್ರ ಟಿಕ್ ಎನ್ನಲಿ, ನಡುವಿನ ಜಾಗಕ್ಕೆ ಮಗುವೇ ಹೊಣೆಯಾಗಲಿ. ಏಳು, ಒಂಬತ್ತು ಬಂದಾಗ ನಾಲಿಗೆಯಿಂದ ಶುರುಮಾಡಿ. ಇನ್ನು ಸ್ಪರ್ಧೆಗಳ ತೀರ್ಪುಗಾರರು: ಸೋಲೊಗೆ ಇಡುವಷ್ಟೇ ಅಂಕವನ್ನು ಇನ್ನೊಂದು ಸುತ್ತಿಗೂ ಇಡಿ. ಗಾಯಕರೊಬ್ಬರ ಜೊತೆ ನಾಲ್ಕು ನಿಮಿಷ, ಒಂದೇ ಗ್ರೂವ್, ಒಂದೂ ರೋಲ್ ಇಲ್ಲ. ಯಾರಿಗೆ ಡ್ರಮ್ ಬಾರಿಸಲು ಬರುತ್ತದೆ ಎಂಬುದು ಆ ಸುತ್ತಿನಲ್ಲಿ ತಿಳಿಯುತ್ತದೆ.