ಅಥಣಿಯ ಕೆರಕ್ಕೆ ಕೊಲ್ಹಾಪುರದ ಹೆಸರು

ಇಟಲಿಯ ಪ್ರಾಡಾ ಸಂಸ್ಥೆಯು ೨೦೨೫ರ ಜೂನ್ ತಿಂಗಳಲ್ಲಿ ಮಿಲಾನ್ ನಗರದ ಉಡುಪಿನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು, ಅವುಗಳ ಮೂಲವನ್ನು ಹೇಳದೆ, ಮೆರೆಸಿದಾಗ ಎದ್ದ ಕೋಲಾಹಲವು ವಾಚಕರ ನೆನಪಿನಲ್ಲಿರಬಹುದು. ಪ್ರತಿಭಟನೆಯ ತರುವಾಯ ಸಂಸ್ಥೆಯು ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕಗಳ ಚರ್ಮೋದ್ಯೋಗ ನಿಗಮಗಳೊಡನೆ ಕರಾರು ಮಾಡಿಕೊಂಡು, ಸುಮಾರು ೮೦೦ ಯೂರೋ ಬೆಲೆಯ ೨,೦೦೦ ಜೊತೆಗಳನ್ನು ಇಲ್ಲಿಯೇ ಮಾಡಿಸುವುದಾಗಿ ಸಾರಿತು. ಈ ಕರಾರಿನಲ್ಲಿ ಕರ್ನಾಟಕಕ್ಕೇನು ಕೆಲಸವೆಂದು ಕೇಳುವವರು ನಮ್ಮ ಕನ್ನಡಿಗರಲ್ಲಿಯೇ ಉಂಟು. ಪ್ರಾಡಾದವರ ಪ್ರಮಾದಕ್ಕಿಂತಲೂ ಈ ಪ್ರಶ್ನೆಯೇ ನಮಗೆ ಹೆಚ್ಚು ಖೇದವನ್ನುಂಟುಮಾಡಿದೆ.

ಕೊಲ್ಹಾಪುರಿಗೆ ೨೦೧೯ರಲ್ಲಿ ದೊರೆತ ಭೌಗೋಳಿಕ ಗುರುತಿನ ಹಕ್ಕು ಎಂಟು ಜಿಲ್ಲೆಗಳಿಗೆ ಸೇರಿದುದು. ಅವುಗಳಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ನಾಲ್ಕು ನಮ್ಮವು. ಅಥಣಿ, ನಿಪ್ಪಾಣಿ, ಮದಭಾವಿಗಳ ಸಮಗಾರರು ತಲೆತಲಾಂತರದಿಂದ ಇದೇ ಚಪ್ಪಲಿಯನ್ನು ಹೊಲಿಯುತ್ತ ಬಂದವರು. ಆದರೆ ಪೇಟೆಯು ಕೊಲ್ಹಾಪುರದಲ್ಲಿತ್ತು. ಮಾಲು ಅಲ್ಲಿ ಮಾರಿತು, ಅಲ್ಲಿಯ ಹೆಸರನ್ನೇ ಹೊತ್ತಿತು. ೧೯೫೬ರ ನವೆಂಬರ್ ೧ರಂದು ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಬೇರೆಯಾದವು, ಕೆರದ ವ್ಯಾಪಾರದ ದಾರಿ ಮಾತ್ರ ಬದಲಾಗಲಿಲ್ಲ.

ಈ ಪಾದರಕ್ಷೆಯು ಹೇಗೆ ಸಿದ್ಧವಾಗುತ್ತದೆಂಬುದನ್ನು ಕೊಳ್ಳುವವರು ಅರಿತಿದ್ದರೆ ಬೆಲೆಯ ಮಾತು ಬೇರೆಯಾಗುತ್ತಿತ್ತು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು ಕೂದಲು ಕಳೆದು, ತೊಳೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಒಗರಿನಲ್ಲಿ ಹದಗೊಳಿಸುತ್ತಾರೆ. ತೊಗಲನ್ನೇ ಚೀಲವಾಗಿ ಹೊಲಿದು, ಒಳಗೆ ತೊಗಟೆಯ ರಸ ತುಂಬಿ ತೂಗುಬಿಡುವ ಪದ್ಧತಿಯೂ ಉಂಟು. ಕ್ರೋಮಿನ ಲವಣದಿಂದ ಬೇಗ ಮುಗಿಯುವ ಕೆಲಸಕ್ಕೆ ಇಲ್ಲಿ ವಾರಗಟ್ಟಲೆ ಕಾಲ ಹಿಡಿಯುತ್ತದೆ. ಬಳಿಕ ಎಮ್ಮೆಯ ದಪ್ಪ ತೊಗಲನ್ನು ನೀರಿನಲ್ಲಿ ನೆನೆಸಿ ರಂಪಿಗೆಯಿಂದ ಮೇಲಟ್ಟೆ, ಕೆಳಅಟ್ಟೆಗಳನ್ನು ಕೊರೆಯುವರು. ಇಕ್ಕೆಲದ ಕಿವಿಗಳನ್ನು ಅಟ್ಟೆಗಳ ನಡುವೆ ಸೇರಿಸಿ, ಹಿಮ್ಮಡಿಗೆ ತೊಗಲಿನ ಪದರುಗಳನ್ನು ಒಂದರ ಮೇಲೊಂದಿಟ್ಟು ಬಡಿದು, ಉಳಿಯಿಂದ ರಂಧ್ರ ಕೊರೆದು, ತೊಗಲಿನ ದಾರದಿಂದಲೇ ಹೊಲಿಯುವರು. ಒಂದು ಮೊಳೆಯೂ ಬೇಡ. ಮೇಲಿನ ಪಟ್ಟಿಗೆ ಬೇಕಾದ ಆಡಿನ ತೊಗಲಿನ ಸಣ್ಣ ಜಡೆಗಳನ್ನು ಹೆಣೆಯುವವರು ಬಹುಪಾಲು ಮನೆಯ ಹೆಂಗಸರು. ಉಂಗುಟದ ಬಳೆಯನ್ನು ಕೂಡಿಸಿ ಎಣ್ಣೆ ಸವರಿದರೆ ಜೊತೆ ಸಿದ್ಧ. ಮೊದಲು ಕೆಲವು ದಿನ ಅದು ಕಾಲನ್ನು ಕಚ್ಚುವುದು ನಿಜ. ಅನಂತರ ತೊಗಲು ಕಾಲಿನ ಆಕಾರವನ್ನೇ ತಳೆಯುತ್ತದೆ. ರೆಕ್ಸಿನಿನ ಅನುಕರಣಗಳಿಗೆ ಈ ಗುಣವಿಲ್ಲ.

ಇಷ್ಟು ಕೈಗಳು ದುಡಿದ ಮಾಲಿಗೆ ಕುಶಲಕರ್ಮಿಗೆ ದಕ್ಕುವುದು ಅಂಗಡಿಯ ಬೆಲೆಯ ಅಲ್ಪಾಂಶ. ಹೆಣಿಗೆಯ ಹೆಂಗಸಿನ ದುಡಿಮೆಯಂತೂ ಎಷ್ಟೋ ಕಡೆ ಗಂಡನ ಲೆಕ್ಕದಲ್ಲಿಯೇ ಅಡಗಿಹೋಗುತ್ತದೆ. ೨೦೧೫ರಲ್ಲಿ ಮಹಾರಾಷ್ಟ್ರದಲ್ಲಿಯೂ ೨೦೨೧ರಲ್ಲಿ ಕರ್ನಾಟಕದಲ್ಲಿಯೂ ಜಾರಿಗೆ ಬಂದ ಜಾನುವಾರು ವಧಾ ನಿಷೇಧದ ಬಿಗಿಯಾದ ಕಾನೂನುಗಳ ನಂತರ ತೊಗಲನ್ನು ದೊರಕಿಸಿಕೊಳ್ಳುವುದೂ ಕಷ್ಟವಾಗಿದೆ. ಆ ಕಾನೂನುಗಳ ಸಾಧಕಬಾಧಕಗಳನ್ನು ಚರ್ಚಿಸುವ ಸ್ಥಳ ಇದಲ್ಲ. ಕಾನೂನು ಮಾಡಿದ ಸರಕಾರಗಳು ಸಮಗಾರನ ಕಚ್ಚಾಮಾಲಿನ ಹೊಣೆಯನ್ನೂ ಹೊರಬೇಕಾಗಿತ್ತೆಂದು ಮಾತ್ರ ಹೇಳುತ್ತೇವೆ.

ಗುರುತಿನ ಹಕ್ಕಾದರೂ ಕಾಗದದ ಮೇಲಿದ್ದರೆ ಸಾಲದು. ಹಕ್ಕಿನ ನೋಂದಾಯಿತ ಒಡೆತನವು ಎರಡು ನಿಗಮಗಳದು. ಕಸಬುದಾರನು ಅಧಿಕೃತ ಬಳಕೆದಾರನೆಂದು ಪ್ರತ್ಯೇಕವಾಗಿ ಹೆಸರು ನೋಂದಾಯಿಸಿಕೊಳ್ಳದೆ ಆ ಮುದ್ರೆಯನ್ನು ಹಾಕುವಂತಿಲ್ಲ. ಅಕ್ಷರ ಬಾರದ ಮುದುಕನು ಅರ್ಜಿ ಹಿಡಿದು ಅಲೆಯುವ ಬದಲು ನಿಗಮದ ನೌಕರನೇ ಮದಭಾವಿಯ ಜಗಲಿಗೆ ಹೋಗತಕ್ಕದ್ದು. ಹೆಣೆಯುವ ಹೆಂಗಸಿನ ಹೆಸರನ್ನೂ ಆ ಪಟ್ಟಿಯಲ್ಲಿ ಬರೆದುಕೊಳ್ಳತಕ್ಕದ್ದು. ಪ್ರಾಡಾದ ೨,೦೦೦ ಜೊತೆಗಳಲ್ಲಿ ಎಷ್ಟು ನಮ್ಮ ನಾಲ್ಕು ಜಿಲ್ಲೆಗಳಲ್ಲಿ ಹೊಲಿಯಲ್ಪಟ್ಟವು, ಜೊತೆಗೆ ಎಷ್ಟು ಕೂಲಿ ಸಂದಿತು ಎಂಬುದನ್ನು ಕರ್ನಾಟಕದ ನಿಗಮವು ಬಹಿರಂಗಪಡಿಸಬೇಕು.

ಹರಳಯ್ಯನವರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ನಮ್ಮ ಸಂಘಗಳ ವೇದಿಕೆಗಳಲ್ಲಿ ಕಣ್ಣೀರು ತುಂಬಿ ಹೇಳುತ್ತೇವೆ. ಅದೇ ಸಂಜೆ ಬೀದಿಯಲ್ಲಿ ಐವತ್ತು ರೂಪಾಯಿಗಾಗಿ ಚಪ್ಪಲಿಯವನೊಡನೆ ಜಗ್ಗಾಡುತ್ತೇವೆ. ಮುಂಬಯಿ, ಪುಣೆಗಳ ಕನ್ನಡ ಸಂಘಗಳು ಈ ವರ್ಷದ ವಾರ್ಷಿಕೋತ್ಸವಕ್ಕೆ ಅಥಣಿಯ ನಾಲ್ಕಾರು ಕುಟುಂಬಗಳನ್ನು ಬರಮಾಡಿಕೊಂಡು, ಸಭಾಗೃಹದ ಬಾಗಿಲಿನಲ್ಲಿ ಅವರಿಗೊಂದು ಮಳಿಗೆಯನ್ನು ಬಾಡಿಗೆಯಿಲ್ಲದೆ ಕೊಡಲಿ. ಅವರ ದಾರಿಖರ್ಚನ್ನು ಹಾರತುರಾಯಿಗಳ ಬಾಬಿನಿಂದ ಕಳೆಯಬಹುದು.