ಉಣ್ಣೆಯೂ ನಮ್ಮ ಉದಾಸೀನವೂ

ಕನ್ನಡ ಸಾಹಿತ್ಯದಲ್ಲಿ ಉಣ್ಣೆಗೆ ದೊರೆತಿರುವ ಸ್ಥಾನ ಗೌರವದ್ದಲ್ಲ. ಹಸುವಿನ ಮೈಗೆ ಅಂಟಿಕೊಂಡಿದ್ದೂ ಹಾಲಿನ ಬೆಲೆಯನ್ನರಿಯದ ಈ ಜೀವಿಯನ್ನು ಅರಸಿಕನಿಗೆ ಹೋಲಿಸುವ ವಾಡಿಕೆ ನಮ್ಮಲ್ಲಿ ಹಳೆಯದು. ಉಪಮಾನವಾಗಿ ಅದನ್ನು ಬಲ್ಲ ನಾವು ಜೀವಿಯಾಗಿ ಅದನ್ನು ಬಲ್ಲೆವೇ ಎಂಬುದು ಇಂದು ಕೇಳಿಕೊಳ್ಳಬೇಕಾದ ಪ್ರಶ್ನೆ. ಬೇಸಗೆ ಬಂತೆಂದರೆ ಮಲೆನಾಡಿನಿಂದ ಮಂಗನ ಕಾಯಿಲೆಯ ಸುದ್ದಿ ಬರುತ್ತದೆ. ಬೀದರ, ಭಾಲ್ಕಿ, ಔರಾದಗಳ ಬಯಲಿನಲ್ಲಿರುವ ನಾವು ಅದನ್ನು ದೂರದ ಕಾಡಿನ ಸಂಕಟವೆಂದು ಓದಿ ಪತ್ರಿಕೆಯನ್ನು ಮಡಿಸಿಡುತ್ತೇವೆ. ಈ ನಿಶ್ಚಿಂತೆಗೆ ಆಧಾರವಿಲ್ಲವೆಂದು ನನ್ನ ಅಭಿಪ್ರಾಯ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಗುಂಪುಗುಂಪಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವೇ ಏಷ್ಯಕ್ಕೆ ಕಾಲಿಟ್ಟಿತೇ ಎಂಬ ಶಂಕೆ ಮೊದಲು ಹುಟ್ಟಿತು. ಪುಣೆಯ ವೈರಾಣು ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಬಂದು ಪರೀಕ್ಷಿಸಿದಾಗ ತಿಳಿದದ್ದೇ ಬೇರೆ. ಇದು ಲೋಕಕ್ಕೆ ಹೊಸದಾದ ವೈರಾಣು. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳು ಜ್ವರದ ವೈರಾಣುವಿಗೆ ಸಮೀಪದ ಬಂಧು. ಹೀಗೆ ನಮ್ಮ ನಾಡಿನ ಒಂದು ಕಾಡಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿತು. ಸೇರಬಾರದ ಕಾರಣಕ್ಕೆ ಸೇರಿತೆಂಬುದು ಬೇರೆ ಮಾತು.

ಭಾಷೆಯನ್ನು ಕಲಿಸುವವನಾಗಿ ಈ ರೋಗದ ಕನ್ನಡ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ‘ಮಂಗನ ಕಾಯಿಲೆ’ ಎಂದಾಗ ಅಪರಾಧವೆಲ್ಲ ಮಂಗನದೆಂಬ ಭಾವನೆ ಹುಟ್ಟುತ್ತದೆ. ವಸ್ತುತಃ ಮುಸುವವೂ ಮಂಗವೂ ನಮ್ಮಂತೆಯೇ ಈ ರೋಗಕ್ಕೆ ತುತ್ತಾಗುವ ಪ್ರಾಣಿಗಳು. ಸತ್ತ ಮಂಗದ ಮೈಯಿಂದ ಉದುರಿದ ಉಣ್ಣೆಗಳು ಆ ನೆಲವನ್ನೇ ಅಪಾಯದ ತಾಣವಾಗಿ ಮಾಡುತ್ತವೆ. ಆದುದರಿಂದಲೇ ಮಂಗ ಸತ್ತ ಜಾಗದ ಸುತ್ತ ಐವತ್ತು ಮೀಟರುಗಳವರೆಗೆ ಮೆಲಾಥಿಯಾನ್ ಪುಡಿ ಚೆಲ್ಲುವ ಕ್ರಮವಿದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಕಣ್ಣಿಗೆ ಸುಲಭವಾಗಿ ಕಾಣದ ಎಳೆಯ ಉಣ್ಣೆ. ಮಳೆಗಾಲ ಕಳೆದ ಮೇಲೆ ಅದರ ಸಂಖ್ಯೆ ಬೆಳೆದು, ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗದ ಕಾಲವಾಗುತ್ತದೆ. ಸೌದೆಗೂ ತರಗೆಲೆಗೂ ಬಡವರು ಕಾಡನ್ನು ಹೊಗುವ ಕಾಲವೂ ಅದೇ. ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದರೆ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿಯನ್ನು ಕೊಂಡೊಯ್ಯುತ್ತದೆ.

ಇದರಲ್ಲಿ ನಮ್ಮ ಕೈಯೂ ಇದೆ. ಈ ಉಣ್ಣೆ ಪ್ರಾಯಕ್ಕೆ ಬಂದ ಮೇಲೆ ದನಗಳ ರಕ್ತವನ್ನು ಕುಡಿದು ಮೊಟ್ಟೆಯಿಡುತ್ತದೆ. ಕಾಡಿನಲ್ಲಿ ಮೇಯುವ ದನ ತಾನು ಕಾಯಿಲೆ ಬೀಳದೆಯೇ ಉಣ್ಣೆಯ ಸಂತತಿಯನ್ನು ಬೆಳೆಸುತ್ತದೆ. ಕಾಡು ಕಡಿದು ತೋಟ ಮಾಡಿದಷ್ಟೂ ಕಾಡಿನ ಅಂಚು ಬೆಳೆದು, ಮಂಗ, ದನ, ಮನುಷ್ಯ ಒಂದೆಡೆ ಸೇರುತ್ತಾರೆ. ಬೆಳ್ತಂಗಡಿ ತಾಲ್ಲೂಕಿನಲ್ಲಿ 1982-83ರಲ್ಲಿ ಕಾಣಿಸಿಕೊಂಡ ಭೀಕರ ಹಾವಳಿಗೆ ಗೇರುತೋಟಕ್ಕಾಗಿ ಕಾಡನ್ನು ಸವರಿದುದೇ ಹಿನ್ನೆಲೆಯಾಗಿತ್ತು. ದಶಕಗಳ ಕಾಲ ನಮ್ಮ ರಾಜ್ಯದ್ದೆಂದೇ ತಿಳಿದಿದ್ದ ರೋಗ ಬಳಿಕ ಕೇರಳದ ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ತಲೆಯೆತ್ತಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಪಟ್ಟ ಪಾಡು ಇನ್ನೂ ಮಾಸದ ನೆನಪು.

ಇನ್ನು ಲಸಿಕೆಯ ಕಥೆ. 1990ರ ಸುಮಾರಿನಿಂದ ಮಲೆನಾಡಿಗರಿಗೆ ಒಂದು ಲಸಿಕೆ ದೊರೆಯುತ್ತಿತ್ತು. ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾಗಿದ್ದ ಅದರ ರಕ್ಷಣೆ ಎರಡು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ ಅರವತ್ತರಷ್ಟು ಮಾತ್ರವೆಂದು ಅಧ್ಯಯನ ತೋರಿಸಿತು. ಗುಣ ಕುಂದಿದ ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೂ ಹೊಸ ಲಸಿಕೆಯ ಕೆಲಸವನ್ನು ಕೈಗೊಂಡಿರುವುದು ಸಂತೋಷದ ವಿಷಯ. ಆದರೆ ಹಳೆಯದನ್ನು ನಿಲ್ಲಿಸುವ ಹೊತ್ತಿಗೆ ಹೊಸದು ಏಕೆ ಸಿದ್ಧವಾಗಿರಲಿಲ್ಲ? ರೋಗವನ್ನು ಗುರುತಿಸಿ ಆಗಲೇ ಅರವತ್ತೈದು ವರ್ಷ ಕಳೆದಿತ್ತು. ಕಾಡಂಚಿನ ಕೂಲಿಯವನ ರೋಗಕ್ಕೆ ಮಾರುಕಟ್ಟೆಯಿಲ್ಲ. ಮಾರುಕಟ್ಟೆಯಿಲ್ಲದ ರೋಗಕ್ಕೆ ಸರ್ಕಾರವೇ ದಿಕ್ಕು. ಆ ದಿಕ್ಕು ತಡವಾಗಿ ತಿರುಗಿತೆನ್ನದೆ ಗತಿಯಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಮನ್ನಳ್ಳಿಯ ಸುತ್ತ ಮಲೆನಾಡಿನ ಕಾಡಿಲ್ಲ. ಆದರೆ ದನವಿಲ್ಲದ ಹಳ್ಳಿ ಯಾವುದಿದೆ? ಬಯಲುಸೀಮೆಯ ದನಗಳನ್ನು ಕಾಡುವ ಹೈಲೋಮಾ ಜಾತಿಯ ಉಣ್ಣೆ ಥೈಲೀರಿಯ ಜ್ವರವನ್ನು ಹರಡುತ್ತದೆ. ನಮ್ಮ ದೇವಣಿಯಂಥ ನಾಟಿ ತಳಿಗಳಿಗಿಂತ ಸಾಲ ಮಾಡಿ ತಂದ ಮಿಶ್ರತಳಿಯ ಹಸುವಿಗೆ ಅದು ಹೆಚ್ಚು ಮಾರಕ. ಒಂದು ಹಸು ಸತ್ತರೆ ಒಂದು ಕುಟುಂಬದ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ. ಇದೇ ಹೈಲೋಮಾ ಉಣ್ಣೆ ಕ್ರಿಮಿಯನ್-ಕಾಂಗೊ ರಕ್ತಸ್ರಾವದ ಜ್ವರದ ವಾಹಕವೂ ಹೌದು. 2011ರ ಜನವರಿಯಲ್ಲಿ ಗುಜರಾತಿನ ಅಹಮದಾಬಾದ್ ಪ್ರದೇಶದಲ್ಲಿ ಆ ಜ್ವರ ಕಾಣಿಸಿಕೊಂಡಾಗ, ರೋಗಿಯ ಶುಶ್ರೂಷೆ ಮಾಡಿದ ವೈದ್ಯರೂ ದಾದಿಯೂ ಪ್ರಾಣ ತೆತ್ತರು. ಅಲ್ಲಿ ಮಂಗವೂ ಇರಲಿಲ್ಲ, ದಟ್ಟ ಕಾಡೂ ಇರಲಿಲ್ಲ; ಇದ್ದವು ನಮ್ಮಲ್ಲಿರುವಂಥವೇ ದನ, ಕೊಟ್ಟಿಗೆ, ಉಣ್ಣೆ. ಭಯಪಡಿಸಲು ಇದನ್ನು ಹೇಳುತ್ತಿಲ್ಲ. ದೂರವೆಂಬುದು ರಕ್ಷಣೆಯಲ್ಲವೆಂದಷ್ಟೆ ತಾತ್ಪರ್ಯ.

ಮಾಡಬೇಕಾದುದು ಕಷ್ಟದ್ದಲ್ಲ. ದನದ ಮೈಯ ಉಣ್ಣೆಯನ್ನು ಬರಿಗೈಯಿಂದ ಕಿತ್ತು ಬೆರಳಲ್ಲಿ ಹೊಸಕುವ ಅಭ್ಯಾಸವನ್ನು ಮೊದಲು ಬಿಡಬೇಕು. ರೋಗವಿದ್ದರೆ ಆ ರಕ್ತವೇ ಅದರ ದಾರಿ. ಮನುಷ್ಯನಿಗೆ ಕಚ್ಚಿದ ಉಣ್ಣೆಗೆ ಸೀಮೆಎಣ್ಣೆಯನ್ನಾಗಲಿ ಬೆಂಕಿಯನ್ನಾಗಲಿ ಸೋಕಿಸದೆ, ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು, ಗಾಯವನ್ನು ಸಾಬೂನಿನಿಂದ ತೊಳೆಯಬೇಕು. ಬಳಿಕ ಜ್ವರ ಬಂದರೆ ಉಣ್ಣೆ ಕಚ್ಚಿದ ಸಂಗತಿಯನ್ನು ವೈದ್ಯರಿಗೆ ಹೇಳಲು ಮರೆಯಬಾರದು. ಹೈಲೋಮಾ ಅಡಗುವುದು ಕೊಟ್ಟಿಗೆಯ ಬಿರುಕುಗಳಲ್ಲಿ. ಗೋಡೆಯ ಸಂದುಗಳನ್ನು ಗಾರೆಯಿಂದ ಮುಚ್ಚುವುದು, ಮನೆಯ ಸುತ್ತಲಿನ ಹುಲ್ಲನ್ನು ಸವರುವುದು, ತಿಪ್ಪೆಯನ್ನು ದೂರವಿಡುವುದು, ಹೊಸದಾಗಿ ಕೊಂಡ ದನವನ್ನು ಕೆಲವು ದಿನ ಬೇರೆ ಕಟ್ಟಿ ನೋಡುವುದು—ಇವು ರೈತನ ಕೈಯಲ್ಲೇ ಇರುವ ಉಪಾಯಗಳು. ಔಷಧವನ್ನು ಮನಬಂದಂತೆ ಬಳಿದರೆ ಉಣ್ಣೆ ಅದಕ್ಕೆ ಒಗ್ಗಿಹೋಗುತ್ತದೆ. ಹಣವೂ ಹೋಗುತ್ತದೆ, ಔಷಧವೂ ಹೋಗುತ್ತದೆ.

ರೈತನ ಕೈಮೀರಿದ್ದೂ ಒಂದಿದೆ. ಮನುಷ್ಯನ ಜ್ವರ ಆರೋಗ್ಯ ಇಲಾಖೆಗೆ, ದನದ ಜ್ವರ ಪಶುಸಂಗೋಪನಾ ಇಲಾಖೆಗೆ, ಮಂಗದ ಸಾವು ಅರಣ್ಯ ಇಲಾಖೆಗೆ ಸೇರಿದೆ. ಉಣ್ಣೆಗೆ ಮಾತ್ರ ಈ ಗಡಿಗಳಿಲ್ಲ. ನಾಡಿನ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರ ಬೀದರದಲ್ಲಿಯೇ ಇರುವಾಗ, ಇಲ್ಲಿಯ ದನಗಳ ಉಣ್ಣೆಯನ್ನು ಕ್ರಮವಾಗಿ ಪರೀಕ್ಷಿಸಿ, ಫಲವನ್ನು ವೈದ್ಯರಿಗೂ ರೈತರಿಗೂ ಕನ್ನಡದಲ್ಲಿ ತಿಳಿಸುವ ಏರ್ಪಾಡನ್ನು ನಾವು ಕೇಳುವುದು ಅತಿಯಾಸೆಯಲ್ಲ. ಮಂಗ ಸತ್ತ ಮೇಲೆ ಎಚ್ಚರಗೊಳ್ಳುವ ಆಡಳಿತ ಮಲೆನಾಡಿಗೆ ಏನನ್ನು ಕೊಟ್ಟಿತೆಂಬುದನ್ನು ಕಂಡಿದ್ದೇವೆ. ಮಳೆ ನಿಂತೊಡನೆಯೇ ಎಚ್ಚರಗೊಳ್ಳುವ ಆಡಳಿತ ಅಲ್ಲಿಗೂ ಬೇಕು, ಇಲ್ಲಿಗೂ ಬೇಕು.